ಬಲಗಡೆಯ ಏಳನೆಯ ಉಂಗುರ

ಸಮುದ್ರದ ಹುಳವೊಂದರ ಮೈಯನ್ನು ನಾನು ತಲೆಯಿಂದ ಬಾಲದವರೆಗೆ ಹದಿನಾರು ದಿನ ನೋಡಿದ್ದೇನೆ. ಸಮುದ್ರವನ್ನು ನೋಡಿದ್ದು ಮಾತ್ರ ಅದಾಗಿ ಎಷ್ಟೋ ವರ್ಷಗಳ ಮೇಲೆ. ಆ ಹುಳದ ವಿಷಯದಲ್ಲಿ ನಾನು ಅಕ್ಕನಿಗೆ ಮಾಡಿದ್ದನ್ನು ಇಲ್ಲಿ ಬರೆಯುತ್ತೇನೆ. ಅಕ್ಕ ಇದನ್ನು ಓದುತ್ತಾಳೆ ಎಂದು ಗೊತ್ತಿದೆ. ಗೊತ್ತಿರುವುದರಿಂದಲೇ ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಲು ಮೂರು ಸಲ ಬಾಯಿ ತೆಗೆದು ಮೂರು ಸಲವೂ ಬೇರೇನೋ ಮಾತಾಡಿದ್ದೇನೆ.

ನನ್ನ ಓದು ಆರನೆಯ ಕ್ಲಾಸಿಗೆ ನಿಂತಿತು. ಆ ವರ್ಷ ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಬಲಗಡೆಯ ಕೈಕಾಲು ಬಿದ್ದುಹೋಯಿತು. ಮಾರನೆಯ ವರ್ಷ ಯಶವಂತಪುರದ ಕಡೆ ಕಾರ್ಖಾನೆಯಲ್ಲಿದ್ದ ಅಪ್ಪ ತೀರಿಕೊಂಡರು. ಅಕ್ಕ ಆಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಯಾರು ಓದಬೇಕು, ಯಾರು ಮನೆಯಲ್ಲಿರಬೇಕು ಎಂದು ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಒಂದು ವಾರ ಸ್ಕೂಲಿಗೆ ಹೋಗಬೇಡ ಎಂದರು, ಆ ವಾರ ಮುಗಿಯಲೇ ಇಲ್ಲ, ಅಷ್ಟೆ. ಅಕ್ಕ ಓದು ಮುಗಿಸಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆದಳು. ಆರ್.ಟಿ. ನಗರದಲ್ಲಿ, ಸೈಟುಗಳು ಇನ್ನೂ ಅರ್ಧಕ್ಕರ್ಧ ಖಾಲಿಯಿದ್ದ ಕಾಲದಲ್ಲಿ, ಎರಡು ಕೋಣೆಯ ಒಂದು ಬಾಡಿಗೆ ಮನೆಗೆ ಬಂದೆವು. ಬೆಳಿಗ್ಗೆ ಎಂಟೂಕಾಲಿನ ಬಸ್ಸಿಗೆ ಅಕ್ಕ ಹೋದರೆ ಸಂಜೆ ಐದೂವರೆಯವರೆಗೆ ಆ ಮನೆಯಲ್ಲಿ ನಾನು, ಅಮ್ಮ. ಎರಡು ಗಂಟೆಗೊಮ್ಮೆ ಅಮ್ಮನ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ನಾನು ಎಲ್ಲಿಗೇ ಹೋದರೂ ಎರಡು ಗಂಟೆಯೊಳಗೆ ತಿರುಗಿ ಬರಬೇಕಿತ್ತು. ಹೆಬ್ಬಾಳದ ಕೆರೆಯ ಏರಿಯವರೆಗೆ ನಡೆದು ವಾಪಸ್ ಬರುವುದಕ್ಕೆ ಅಷ್ಟು ಹೊತ್ತು ಸಾಕು. ಅದರಾಚೆಗೆ ಏನಿದೆ ಎಂದು ಬಹಳ ವರ್ಷ ನನಗೆ ಗೊತ್ತಿರಲಿಲ್ಲ.

ಹಿಂದಿನ ಬೀದಿಯಲ್ಲಿ ಒಬ್ಬ ಮುಸ್ಲಿಂ ಹೆಂಗಸು ಸೀರೆ, ಕುಪ್ಪಸ, ಬುರ್ಖಾಗಳಿಗೆ ಜರಿ ಕಸೂತಿ ಮಾಡಿಸುತ್ತಿದ್ದರು. ನಾನು ಅವರನ್ನು ಆಪಾ ಎನ್ನುತ್ತಿದ್ದೆ. ಕಸೂತಿಗೆ ಮೊದಲು ತೆಳು ಕಾಗದದ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಉಜ್ಜುತ್ತಾರೆ. ಆ ಕಾಗದಕ್ಕೆ ಖಾಕಾ ಅನ್ನುತ್ತಿದ್ದರು. ಅದನ್ನು ಬರೆಯುವುದು ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ, ಹಾಗಾಗಿ ನನಗೆ ಸಿಕ್ಕಿತು.

ಮೊದಲ ದಿನ ನಾನು ಕತ್ತಿನ ಡಿಸೈನಿನ ಎರಡೂ ಬದಿಯನ್ನು ಬಿಡಿಸುತ್ತಾ ಕೂತದ್ದು ನೋಡಿ ಆಪಾ ನಕ್ಕರು.

"ಅರೆ, ಎರಡು ಸಲ ಯಾಕೆ ಬರೀತಿ? ಆಧಾ ಬರಿ. ಮಡಚು. ಚುಚ್ಚು. ಪೂರಾ ಆಯ್ತು."

"ಕೈಯಲ್ಲಿ ಬರೆದ್ರೆ ಚೆನ್ನಾಗಿರಲ್ವಾ ಆಪಾ?"

"ಕೈ ಏಮಾರಿಸ್ತದೆ. ಮದುವೆ ಹುಡುಗಿ ಎಡಗಡೆ ಏಳು ಎಲೆ, ಬಲಗಡೆ ಆರು ಎಲೆ ಹಾಕ್ಕೊಂಡು ಕೂತ್ರೆ ಅವಳ ಅತ್ತೆ ನನ್ನ ಮನೆಗೆ ಬರ್ತಾಳೆ, ನಿನ್ನ ಮನೆಗಲ್ಲ."

ಅಂದಿನಿಂದ ನಾನು ಯಾವ ಚಿತ್ರವನ್ನೂ ಪೂರ್ತಿ ಬರೆಯಲಿಲ್ಲ. ಅರ್ಧ ಬರೆಯುವುದು, ಮಡಚುವುದು, ಚುಚ್ಚುವುದು. ಆರು ವರ್ಷ ಇದೇ ಮಾಡಿದೆ. ಒಂದು ಬದಿ ನೋಡಿದರೆ ಇನ್ನೊಂದು ಬದಿ ಅದರೊಳಗೇ ಇರುತ್ತದೆ ಅನ್ನುವುದು ನನ್ನ ಬೆರಳುಗಳಿಗೆ ಗೊತ್ತಿದ್ದ ಸತ್ಯ.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ ಅಕ್ಕ ಹುಡುಗಿಯರನ್ನು ಕರೆದುಕೊಂಡು ಕಾರವಾರದ ಕಡೆ ಸ್ಟಡಿ ಟೂರ್ ಹೋಗಿದ್ದಳು. ಅಲ್ಲಿ ಹೊಳೆ ಕಡಲು ಸೇರುವ ಒಂದು ಅಳಿವೆಯಲ್ಲಿ, ನೀರಿಳಿದಾಗ ಕೆಸರಿನಲ್ಲಿ ಸಿಕ್ಕ ಮೂರು ಹುಳುಗಳನ್ನು ಇಂಜೆಕ್ಷನ್ನಿನ ಪುಟ್ಟ ಶೀಶೆಗಳಲ್ಲಿ ಸ್ಪಿರಿಟ್ ಹಾಕಿ ತಂದಳು. ಬಿರುಗೂದಲಿನ ಹುಳುಗಳು. ಎರೆಹುಳುವಿನ ದೂರದ ನೆಂಟರು, ಆದರೆ ಉಪ್ಪುನೀರಿನಲ್ಲಿ ಇರುವವು. ಬಾಯಿ ತೆರೆದು ಸತ್ತಿದ್ದ ಒಂದರಲ್ಲಿ ಕಂಡಷ್ಟು ಹಲ್ಲಿನ ಎಣಿಕೆ ಯಾವ ಪುಸ್ತಕಕ್ಕೂ ಹೊಂದುತ್ತಿಲ್ಲ, ಇದು ಇದುವರೆಗೆ ಯಾರೂ ಬರೆಯದ ಹುಳ ಇರಬೇಕು ಎಂದು ಅವಳ ಅನುಮಾನ. ಹೊಸದು ಎನ್ನಬೇಕಾದರೆ ಅದರ ಮೈಯನ್ನು ಉಂಗುರ ಉಂಗುರವಾಗಿ ಬರೆದು, ಚಿತ್ರ ಮಾಡಿ, ಬೇರೆ ಊರಿನಲ್ಲಿದ್ದ ಅವಳ ಗುರುಗಳಿಗೆ ಕಳಿಸಬೇಕು.

ಕಾಲೇಜಿನಲ್ಲಿ ಒಳ್ಳೆಯ ಮೈಕ್ರೋಸ್ಕೋಪು ಒಂದೇ ಇತ್ತು. ದಸರಾ ರಜೆಯಲ್ಲಿ ಮಾತ್ರ ಅದನ್ನು ಮನೆಗೆ ಒಯ್ಯಲು ಮುಖ್ಯಸ್ಥರು ಒಪ್ಪಿದರು. ಆದರೆ ಅಕ್ಕನ ಕಣ್ಣು ಸರಿಯಿರಲಿಲ್ಲ. ದಪ್ಪ ಗಾಜಿನ ಕನ್ನಡಕ, ಎಡಗಣ್ಣು ಹೆಸರಿಗೆ ಮಾತ್ರ. ಹತ್ತು ನಿಮಿಷ ನೋಡಿದರೆ ತಲೆ ಸಿಡಿಯುತ್ತಿತ್ತು. "ನೀನು ನೋಡಿ ಹೇಳು, ಚಿತ್ರ ನೀನೇ ಬರಿ, ವಿವರ ನಾನು ಬರ್ಕೋತೀನಿ," ಎಂದಳು. ನನಗೆ ಹತ್ತೊಂಬತ್ತು ವರ್ಷ. ಯಾರೂ ನನ್ನನ್ನು ಅಂಥದ್ದಕ್ಕೆ ಕರೆದಿರಲಿಲ್ಲ.

ಕಿಟಕಿಯ ಪಕ್ಕ ಮೇಜು ಹಾಕಿದೆವು. ಹತ್ತರಿಂದ ಎರಡರವರೆಗೆ ಬಿಸಿಲು ಅಲ್ಲಿ ಬರುತ್ತಿತ್ತು, ಕನ್ನಡಿ ತಿರುಗಿಸಿ ಅದನ್ನು ಹಿಡಿಯಬೇಕು. ಗಾಜಿನ ತಟ್ಟೆಯಲ್ಲಿ ಹುಳ. ಬರಿಗಣ್ಣಿಗೆ ಕಿರುಬೆರಳಿನಷ್ಟು ಉದ್ದ, ಶಾವಿಗೆಗಿಂತ ಸ್ವಲ್ಪ ದಪ್ಪ, ಸ್ಪಿರಿಟ್ಟಿನಲ್ಲಿ ಬಣ್ಣ ಕಳೆದುಕೊಂಡು ಹಳೆಯ ದಾರದಂತೆ. ಮಸೂರದ ಕೆಳಗೆ ಅದು ಬೇರೆಯೇ ಆಯಿತು.

"ತಲೆಯಿಂದ ಶುರು ಮಾಡು," ಎಂದಳು ಅಕ್ಕ.

"ತಲೆ ಮುಂದುಗಡೆ ಸೀಳಿದೆ, ಕೋಡುಬಳೆ ಹಿಟ್ಟು ಒತ್ತಿದಂಗೆ."

"ಕೋಡುಬಳೆ ಬೇಡ. ಏನಿದೆ ಅಂತ ಹೇಳು. ಯಾವುದರ ಥರ ಇದೆ ಅಂತ ಹೇಳ್ಬೇಡ."

"ಹಂಗಾದ್ರೆ ಹೆಂಗೆ ಹೇಳೋದು?"

"ತಲೆಯ ಮುಂಭಾಗದಲ್ಲಿ ಒಂದು ಸೀಳು. ಆಳ ಎಷ್ಟು? ಅರ್ಧದಷ್ಟಾ, ಕಾಲು ಭಾಗದಷ್ಟಾ?"

ಹಾಗೆ ಕಲಿತೆ. ತಲೆಯ ಹಿಂಬದಿಯಲ್ಲಿ ಐದು ಮೀಸೆಗಳು, ನಡುವಿನದು ಉದ್ದ. ಎರಡು ಕಣ್ಣು, ಕಪ್ಪು ಚುಕ್ಕೆಗಳು, ಹೊರಗಿನ ಮೀಸೆಯ ಬುಡದಲ್ಲಿ. ಮೊದಲ ಎರಡು ಉಂಗುರಗಳಿಗೆ ಕಾಲಿಲ್ಲ. ಎರಡನೆಯದರ ಮೇಲೆ ಒಂದು ಜೊತೆ ಸಣ್ಣ ಕುಡಿ. ಮೂರನೆಯ ಉಂಗುರದಿಂದ ಪ್ರತಿಯೊಂದಕ್ಕೂ ಅತ್ತ ಒಂದು, ಇತ್ತ ಒಂದು ಕಾಲು. ಕಾಲು ಎಂದರೆ ಮಾಂಸದ ಒಂದು ಉಬ್ಬು, ಅದರ ತುದಿಯಿಂದ ಹೊರಬಂದ ಬಿರುಗೂದಲಿನ ಕಂತೆ. ಕೂದಲು ಒಂದೇ ಬಗೆಯದಲ್ಲ. ಮೇಲಿನವು ನೀಳ, ಸರಳ. ಅವುಗಳ ಬಗಲಲ್ಲಿ ಬಾಚಣಿಗೆಯಂತೆ ಹಲ್ಲಿರುವವು. ಕೆಳಗಿನವಕ್ಕೆ ನಡುವೆ ಒಂದು ಕೀಲು, ತುದಿಯಲ್ಲಿ ಕೊಕ್ಕೆ. ಎಲ್ಲದರ ಒಳಗೆ, ಚರ್ಮದ ಮೂಲಕ ಕಾಣುವಂತೆ, ಕಾಲನ್ನು ನೆಟ್ಟಗೆ ಹಿಡಿದಿಡುವ ಒಂದು ಕರಿಯ ಸೂಜಿ. ಬಾಚಣಿಗೆ ಎಂದದ್ದಕ್ಕೆ ಅಕ್ಕ ಬೈಯಲಿಲ್ಲ. ಪುಸ್ತಕದಲ್ಲೂ ಅದನ್ನು ಹಾಗೇ ಕರೆಯುತ್ತಾರಂತೆ. ಆ ಇಡೀ ದಿನ ನನಗೆ ಖುಷಿ.

ಬೆನ್ನಿನ ಕಡೆ, ಕಾಲುಗಳ ಮೇಲೆ, ಕಿವಿರು. ಒಂದು ದಂಟು, ಅದರಿಂದ ಎಳೆಗಳು. ಎಡಗಡೆ ಏಳನೆಯ ಉಂಗುರದಿಂದ ಶುರು. ಏಳರಲ್ಲಿ ಒಂದೇ ಎಳೆ, ಎಂಟರಲ್ಲಿ ಎರಡು, ಹಾಗೆ ಹೆಚ್ಚುತ್ತಾ ಮೈಯ ನಡುವೆ ಆರು, ಆಮೇಲೆ ಕಡಿಮೆಯಾಗಿ ಬಾಲಕ್ಕೆ ಇನ್ನೂ ದೂರವಿರುವಾಗಲೇ ಇಲ್ಲವಾಗುತ್ತವೆ. ನಾನು ಎಡಗಡೆಯನ್ನು ಮೂರು ದಿನ ಬರೆದೆ. ಅಷ್ಟು ಶ್ರದ್ಧೆಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ನಾಲ್ಕನೆಯ ದಿನ ಬಲಗಡೆಗೆ ಬಂದೆ. ಏಳನೆಯ ಉಂಗುರದ ಮೇಲೆ ಏನೂ ಇರಲಿಲ್ಲ. ಎಂಟರ ಮೇಲೂ ಇಲ್ಲ. ಒಂಬತ್ತರಿಂದ ಇತ್ತು. ಮುರಿದಿರಬೇಕು ಅಂದುಕೊಂಡೆ. ಬಸ್ಸಿನಲ್ಲಿ ಕುಲುಕಿಕೊಂಡು ಬಂದ ಹುಳ. ಅಷ್ಟರಲ್ಲಿ ಅಮ್ಮ ಒಳಗಿನಿಂದ ಕೂಗಿದರು. ಮಗ್ಗುಲು ಬದಲಿಸಿ, ಬಟ್ಟೆ ತೆಗೆದು, ಒಗೆದು ಹಾಕಿ ಬರುವಷ್ಟರಲ್ಲಿ ಬಿಸಿಲು ಕಿಟಕಿ ದಾಟಿತ್ತು.

ನಾನು ಕಾಗದವನ್ನು ಬೆನ್ನಿನ ನಡುಗೆರೆಗೆ ಸರಿಯಾಗಿ ಮಡಚಿದೆ. ಕಿಟಕಿಯ ಗಾಜಿಗೆ ಒತ್ತಿಹಿಡಿದು ಎಡಗಡೆಯನ್ನು ಬಲಗಡೆಗೆ ಎಳೆದೆ. ಹತ್ತು ನಿಮಿಷದಲ್ಲಿ ಹುಳ ಪೂರಾ ಆಯಿತು. ಮಾರನೆಯ ದಿನ ಒಳ್ಳೆಯ ಹಾಳೆಗೆ ಇಳಿಸಿ ಇಂಡಿಯನ್ ಇಂಕಿನಲ್ಲಿ ತಿದ್ದಿದೆ. ಅಕ್ಕ ಅದನ್ನು ಅಮ್ಮನ ಮಂಚದ ಹತ್ತಿರ ಒಯ್ದು ಹಿಡಿದಳು.

"ನೋಡಮ್ಮ, ಅಚ್ಚು ಹಾಕಿದಂಗಿದೆ. ನಮ್ಮ ಕಾಲೇಜಲ್ಲಿ ಎಂ.ಎಸ್ಸಿ. ಮಾಡಿದವರಿಗೂ ಹಿಂಗೆ ಬರಲ್ಲ."

ಅಮ್ಮನಿಗೆ ಮಾತು ತೊದಲು. "ಎಷ್ಟು... ಕಾಲು," ಎಂದರು. ಹುಳದ ಕಾಲುಗಳನ್ನು ನೋಡಿ ಅವರಿಗೆ ಅಸೂಯೆಯಾಯಿತೋ ಏನೋ. ಮೂವರೂ ನಕ್ಕೆವು.

ಅದರ ಮಾರನೆಯ ದಿನ ಬಾಲದ ತುದಿಯನ್ನು ಬೇರೆಯಾಗಿ ದೊಡ್ಡದು ಮಾಡಿ ಬರೆಯಲು ಎರಡನೆಯ ಹುಳವನ್ನು ಹೊರಗೆ ತೆಗೆದೆ. ಬಾಲಕ್ಕೆ ಹೋಗುವ ದಾರಿಯಲ್ಲಿ ಬಲಗಡೆಯ ಏಳು, ಎಂಟು ಕಣ್ಣಿಗೆ ಬಿದ್ದವು. ಕಿವಿರಿಲ್ಲ. ಮೂರನೆಯದನ್ನೂ ತೆಗೆದೆ. ಅದರಲ್ಲೂ ಇಲ್ಲ. ಮೂರು ಹುಳುಗಳಿಗೂ ಒಂದೇ ಜಾಗದಲ್ಲಿ ಮುರಿಯಲು ಸಾಧ್ಯವಿಲ್ಲ ಎಂದು ಆರನೆಯ ಕ್ಲಾಸಿನವಳಿಗೂ ಗೊತ್ತಾಗುತ್ತದೆ. ಆದರೆ ಇಂಕು ಒಣಗಿತ್ತು. ಅಚ್ಚು ಹಾಕಿದಂಗಿದೆ ಅನ್ನಿಸಿಕೊಂಡ ಹಾಳೆ. ನಾಳೆ ಹೇಳಿದರಾಯಿತು ಎಂದುಕೊಂಡೆ.

ರಜೆಯ ಕೊನೆಯ ವಾರ ಅಕ್ಕ ಬ್ಲೇಡಿನಿಂದ ಒಂದು ಹುಳದ ಗಂಟಲು ಸೀಳಿ ದವಡೆ ಬಿಡಿಸಿದಳು. ಕಪ್ಪಾದ, ಗಟ್ಟಿಯಾದ ಹಲ್ಲಿನ ಫಲಕಗಳು, ಒಂದರ ಹಿಂದೆ ಒಂದು. ಎಣಿಸಿದೆ. ಎಡಗಡೆ ಐದು ಹಲ್ಲು, ಬಲಗಡೆ ಆರು. ಎಡಗಡೆ ಒಂದು ಫಲಕ ಹೆಚ್ಚಿತ್ತು, ಬಲಗಡೆ ಅದಕ್ಕೆ ಜೊತೆಯೇ ಇಲ್ಲ.

"ಒಂದು ಎಲ್ಲೋ ಬಿದ್ದುಹೋಗಿದೆ ಅಕ್ಕ."

"ಬಿದ್ದಿಲ್ಲ. ಈ ವಂಶಕ್ಕೆ ಅದು ಇರೋದೇ ಎಡಗಡೆ ಮಾತ್ರ. ಹುಳ ನಿಮ್ಮ ಆಪಾ ಹಾಕ್ಸಿದ ಡಿಸೈನ್ ಅಲ್ಲ ಕಣೆ, ಎರಡೂ ಕಡೆ ಒಂದೇ ಥರ ಇರಕ್ಕೆ."

ಅವಳು ತಮಾಷೆಗೆ ಅಂದಳು. ನಾನು ತಲೆ ಎತ್ತಲಿಲ್ಲ. ಆಗ ಹೇಳಬಹುದಿತ್ತು. ಹೇಳಿದ್ದರೆ ಎರಡು ದಿನದ ಕೆಲಸ ಹೆಚ್ಚಾಗುತ್ತಿತ್ತು, ಒಂದಿಷ್ಟು ಬೈಗುಳ. ದವಡೆಯನ್ನು ಮಾತ್ರ ಎರಡೂ ಬದಿ ನೋಡಿ, ಇದ್ದ ಹಾಗೆ ಬರೆದೆ. ಮೈಕ್ರೋಸ್ಕೋಪು ಕಾಲೇಜಿಗೆ ವಾಪಸ್ ಹೋಗಿ ಬೀರುವಿನಲ್ಲಿ ಸೇರಿತು. ಕಿವಿರಿನ ವಿವರವನ್ನು ಅಕ್ಕ ನನ್ನ ಚಿತ್ರ ನೋಡಿ ಬರೆದಳು: ಎರಡೂ ಬದಿ ಏಳನೆಯ ಉಂಗುರದಿಂದ.

ಇಷ್ಟೇ ಆಗಿದ್ದರೆ ಇದು ತಪ್ಪು. ಮುಂದಿನದಕ್ಕೆ ಬೇರೆ ಹೆಸರು ಬೇಕು.

ಕರಾವಳಿಯಲ್ಲಿ ಒಂದು ಸಂಶೋಧನಾ ಕೇಂದ್ರಕ್ಕೆ ಇಂಥ ಹುಳುಗಳನ್ನು ಬಲ್ಲವರು ಬೇಕಾಗಿದ್ದರು. ಗುರುಗಳ ಮಾತಿಗೆ ಅಲ್ಲಿ ಬೆಲೆಯಿತ್ತು. ಹುಳ ಹೊಸದು ಎಂದು ಅವರು ಒಪ್ಪಿದರೆ ಕೆಲಸ ಅಕ್ಕನಿಗೇ ಎನ್ನುವ ಹಾಗಿತ್ತು. ಅವಳು ಅಮ್ಮನಿಗೆ ಇದನ್ನು ಹೇಳುವುದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ಆಮೇಲೆ ನನ್ನ ಹತ್ತಿರ ಬಂದು, "ಒಂದೆರಡು ವರ್ಷ ಅಷ್ಟೆ. ಕ್ವಾರ್ಟರ್ಸ್ ಸಿಕ್ಕಿದ ಮೇಲೆ ನಿಮ್ಮಿಬ್ಬರನ್ನೂ ಕರ್ಕೊಂಡು ಹೋಗ್ತೀನಿ," ಎಂದಳು.

ನಾನು ಸಾರಿಗೆ ಹುಳಿ ಕಿವುಚುತ್ತಿದ್ದೆ. ಅಲ್ಲಾಡಿಸಿದರೆ ನರಳುವ ಅಮ್ಮನನ್ನು ಘಟ್ಟ ಇಳಿಸಿ ಕರೆದುಕೊಂಡು ಹೋಗುವುದು ಆಗದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ಸಂಜೆ ಐದೂವರೆಗೆ ಗೇಟಿನ ಸದ್ದಾಗುವುದೊಂದೇ ಆ ದಿನಗಳಲ್ಲಿ ನನಗಿದ್ದದ್ದು. ಆ ಸದ್ದಿಲ್ಲದ ಸಂಜೆಗಳನ್ನು ನೆನೆಸಿಕೊಂಡೆ. ಎರಡು ಗಂಟೆ, ಮತ್ತೆರಡು ಗಂಟೆ, ಮತ್ತೆರಡು ಗಂಟೆ. "ಹೋಗು ಅಕ್ಕ," ಎಂದೆ.

ಸಂಕ್ರಾಂತಿಯ ಹಿಂದೆಮುಂದೆ ಗುರುಗಳ ಕಾಗದ ಬಂತು. ಅಮ್ಮನ ಮಂಚದ ತುದಿಯಲ್ಲಿ ಕೂತು ಅಕ್ಕ ಅದನ್ನು ಕನ್ನಡದಲ್ಲಿ ಹೇಳುತ್ತಾ ಓದಿದಳು. ಚಿತ್ರಗಳು ಬಹಳ ಚೆನ್ನಾಗಿವೆ. ಆದರೆ ಏಳನೆಯ ಉಂಗುರದಿಂದ ಕಿವಿರಿರುವ ಒಂದು ಹುಳವನ್ನು ಹಿಂದೆಯೇ ಬೇರೆಯವರು ವಿವರಿಸಿದ್ದಾರೆ. ಒಂದು ಹಲ್ಲಿನ ವ್ಯತ್ಯಾಸ ಸಾಲದು. ಕಿವಿರಿನಲ್ಲಿ ಏನಾದರೂ ಭೇದವಿದ್ದಿದ್ದರೆ ಈಗಲೇ ಒಪ್ಪಿಬಿಡುತ್ತಿದ್ದೆ. ಇಲ್ಲದಿರುವುದರಿಂದ ಇದು ಹಳೆಯದೇ.

ಅಕ್ಕ ಕಾಗದವನ್ನು ಎರಡು ಸಲ ಓದಿದಳು. ನಾನು ಅಮ್ಮನ ಬೆನ್ನ ಕೆಳಗೆ ಕೈ ಹಾಕಿ ಮಗ್ಗುಲು ಬದಲಿಸುತ್ತಿದ್ದೆ.

"ನೀನು ಚೆನ್ನಾಗಿ ನೋಡಿದೆಯಲ್ಲ?" ಎಂದಳು. "ಎರಡೂ ಕಡೆ ಏಳರಿಂದಲೇ ತಾನೆ?"

"ಹೂಂ."

"ಒಂದ್ಸಲ ನೆನಪು ಮಾಡ್ಕೊಂಡು ಹೇಳು. ಬಲಗಡೆ?"

"ಎಷ್ಟು ಸಲ ಕೇಳ್ತೀಯ? ಬರ್ದಿರೋದೇ ಇದೆಯಲ್ಲ."

ಅಮ್ಮನ ಭಾರ ನನ್ನ ತೋಳಿನ ಮೇಲಿತ್ತು. ಮುಖ ಆ ಕಡೆಗಿತ್ತು. ಬಲಗಡೆ ಒಂಬತ್ತು ಎಂದು ಅನ್ನಲು ಎರಡು ಮಾತು ಸಾಕಾಗಿತ್ತು. ಹೇಳಿದ ಕೂಡಲೇ ಅವಳು ಹೋಗುತ್ತಾಳೆ ಎಂದು ನನಗೆ ಗೊತ್ತಿತ್ತು. ಭಯದಿಂದ ಬಾಯಿ ಕಟ್ಟಿತು ಎಂದು ಬರೆದರೆ ಅದು ಸುಳ್ಳು. ನಾನು ಲೆಕ್ಕ ಹಾಕಿಯೇ ಹೇಳಲಿಲ್ಲ.

"ಸರಿ ಬಿಡು," ಎಂದು ಅಕ್ಕ ಕಾಗದ ಮಡಚಿದಳು. "ಕಣ್ಣಿಗೆ ಇಲ್ಲದ್ದನ್ನ ಕಾಣು ಅಂತ ಹೇಳಕ್ಕಾಗುತ್ತಾ?"

ಅಮ್ಮ ಅವಳ ಸೆರಗು ಹಿಡಿದುಕೊಂಡು ಏನೋ ತೊದಲಿದರು. "ಇಲ್ಲಮ್ಮ, ಎಲ್ಲೂ ಹೋಗಲ್ಲ," ಎಂದಳು.

ಆ ಮೇಲಿನ ಎಂಟು ವರ್ಷ ಅವಳು ಎಂಟೂಕಾಲಿನ ಬಸ್ಸಿಗೆ ಹೋಗಿ ಐದೂವರೆಗೆ ಬಂದಳು. ನನಗೆ ಬೇಕಾದದ್ದು ಸಿಕ್ಕಿತ್ತು. ಗೇಟಿನ ಸದ್ದು ಕೇಳಿದಾಗೆಲ್ಲ ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದೆ. ಹುಳುಗಳ ಮಾತನ್ನು ಅವಳು ನಿಲ್ಲಿಸಿದಳು. ಶೀಶೆಗಳನ್ನು ಎಸೆಯಲೂ ಇಲ್ಲ, ಪುಸ್ತಕಗಳ ಹಿಂದೆ ಸರಿಸಿದಳು. ನಾನೇ ಆಗಾಗ ತೆಗೆದು ಸ್ಪಿರಿಟ್ ಕಡಿಮೆಯಾಗಿದ್ದರೆ ತುಂಬಿಸುತ್ತಿದ್ದೆ. ಒಣಗಲು ಬಿಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅದನ್ನೂ ಮಾಡಲಾಗಲಿಲ್ಲ. ಒಂದೊಂದು ಭಾನುವಾರ ಅಕ್ಕ ಕಿಟಕಿಯ ಹತ್ತಿರ ಸುಮ್ಮನೆ ಕೂತು ಎದುರು ಸೈಟಿನಲ್ಲಿ ಏಳುತ್ತಿದ್ದ ಗೋಡೆಯನ್ನು ನೋಡುತ್ತಿದ್ದಳು. ನಾನು ಕಾಫಿ ತಂದಿಟ್ಟು ಬೇಗ ಒಳಗೆ ಹೋಗಿಬಿಡುತ್ತಿದ್ದೆ. ಎರಡು ಕೋಣೆಯ ಮನೆಯಲ್ಲಿ ಒಬ್ಬರ ಕಣ್ಣು ತಪ್ಪಿಸಿ ಎಂಟು ವರ್ಷ ಬದುಕುವುದು ಸುಲಭವಲ್ಲ. ಅವಳು ನನಗೆ ಇಂಗ್ಲಿಷ್ ಅಕ್ಷರ ಕಲಿಸುತ್ತೇನೆ ಎಂದಳು, ಕಲಿಸಿದಳು. ಮೈಸೂರ್ ಪಾಕ್ ತಂದರೆ ಅಂಚಿನ ಗರಿಗರಿ ತುಂಡು ನನಗೆ ಕೊಡುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಎಂಬತ್ತರ ದಶಕದ ನಡುವೆ ಅಮ್ಮ ಹೋದರು. ಕಾರ್ಯಗಳು ಮುಗಿದ ಮೇಲೆ ಅಮ್ಮನ ಹಾಸಿಗೆಯನ್ನು ಬಿಸಿಲಿಗೆ ಹಾಕಲು ಇಬ್ಬರೂ ತಾರಸಿಗೆ ಹೊತ್ತೊಯ್ದೆವು. ಅಕ್ಕ ಏದುಸಿರು ಬಿಡುತ್ತಾ ಕೂತಳು.

"ಇನ್ಮೇಲೆ ನೀನು ಎಲ್ಲಿಗೆ ಬೇಕಾದ್ರೂ ಹೋಗ್ಬಹುದು ಕಣೆ," ಎಂದಳು. "ನಿನ್ನ ಇಡೀ ವಯಸ್ಸು ಇಲ್ಲೇ ಕಳೀತು. ನನ್ನ ಓದಿಗೋಸ್ಕರ."

ಆಗ ಹೇಳಿಬಿಟ್ಟೆ. ಅಂದರೆ ಅರ್ಧ ಹೇಳಿದೆ. "ಅಕ್ಕ, ಆ ಹುಳದ ಬಲಗಡೆ ನಾನು ನೋಡಿ ಬರೀಲಿಲ್ಲ. ಖಾಕಾ ಥರ ಮಡಚಿ ಎಳೆದುಬಿಟ್ಟೆ. ಈಚೆಗೆ ನೆನಪಾಯ್ತು. ಬಲಗಡೆ ಒಂದೆರಡು ಕಡೆ ಕಿವಿರು ಇರ್ಲಿಲ್ಲ ಅನ್ಸುತ್ತೆ."

ಈಚೆಗೆ ನೆನಪಾಯ್ತು. ಅನ್ಸುತ್ತೆ. ಇಷ್ಟು ವರ್ಷ ಬಚ್ಚಿಟ್ಟ ಮೇಲೂ ಇಂಥ ಮಾತುಗಳು ನನ್ನ ನಾಲಿಗೆಗೆ ತಾವಾಗೇ ಬಂದವು.

ಮಾರನೆಯ ದಿನ ಅವಳು ಶೀಶೆಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಕಾಲೇಜಿಗೆ ಹೋದಳು. ಸಂಜೆ ಬಂದವಳೇ ಒದ್ದೆ ಬಟ್ಟೆ ಹಣೆಗೆ ಹಾಕಿಕೊಂಡು ಮಲಗಿದಳು. ಅಷ್ಟು ಹೊತ್ತು ತಾನೇ ನೋಡಿದ್ದಳು.

"ಒಂಬತ್ತು," ಎಂದಳು ಕಣ್ಣು ಮುಚ್ಚಿಕೊಂಡೇ. "ಮೂರರಲ್ಲೂ ಬಲಗಡೆ ಒಂಬತ್ತು. ಇಷ್ಟು ವರ್ಷ ನಮ್ಮ ಮನೇಲೇ ಇತ್ತಲ್ಲೇ." ನಗುತ್ತಿದ್ದಳು. ಕನ್ನಡಕವಿಲ್ಲದ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು.

"ಬೈ ಅಕ್ಕ," ಎಂದೆ.

"ಯಾಕೆ? ನಿನ್ನ ಕಸುಬು ಅದು, ಕೈ ಹಂಗೇ ಹೋಗಿದೆ. ನಾನು ಆವತ್ತು ಇನ್ನೊಂದ್ಸಲ ಮೈಕ್ರೋಸ್ಕೋಪ್ ತರಿಸಿ ನೋಡು ಅನ್ಬೇಕಿತ್ತು. ನನ್ನದೇ ಸೋಮಾರಿತನ."

ಅದು ಅವಳ ಸೋಮಾರಿತನವಲ್ಲ ಎಂದು ನಾನು ಹೇಳಲಿಲ್ಲ. ತಪ್ಪನ್ನು ಅವಳು ತನ್ನ ಕಡೆಗೆ ಎಳೆದುಕೊಂಡಳು, ನಾನು ಸುಮ್ಮನೆ ಬಿಟ್ಟುಕೊಟ್ಟೆ.

ಬಲಗಡೆಯನ್ನು ಹೊಸದಾಗಿ ನಾನೇ ಬರೆದೆ, ಈ ಸಲ ಕಾಲೇಜಿನಲ್ಲೇ ಅವಳ ಪಕ್ಕ ಕೂತು. ಗುರುಗಳು ತೀರಿಹೋಗಿದ್ದರು, ಬೇರೆಯವರು ನೋಡಿ ಒಪ್ಪಿದರು. ಕರಾವಳಿಯ ಕೆಲಸದಲ್ಲಿ ಬೇರೆ ಯಾರೋ ಕೂತು ಎಷ್ಟೋ ವರ್ಷವಾಗಿತ್ತು. ಅಂಥ ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸೂ ಅಕ್ಕನಿಗೆ ದಾಟಿತ್ತು. ಒಂದು ವರ್ಷದ ಮೇಲೆ ಲೇಖನ ಅಚ್ಚಾಗಿ ತೆಳುವಾದ ಕಟ್ಟಿನಲ್ಲಿ ಬಂತು. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲೇ ಅವಳು ಅದನ್ನು ಅಡುಗೆಮನೆಗೆ ತಂದು ಕೊನೆಯ ಪುಟ ತೆಗೆದು ಹಿಡಿದಳು.

"ಇಲ್ಲಿ ಓದು. ನಿನ್ನ ಹೆಸರು."

ಅಕ್ಷರ ಕೂಡಿಸಿ ಓದಿದೆ. ಹೆಸರು ನನ್ನದೇ.

"ಮುಂದೆ ಏನಿದೆ?" ಎಂದು ಅವಳನ್ನೇ ಕೇಳಿದೆ.

"ಚಿತ್ರಗಳನ್ನು ಬರೆದುಕೊಟ್ಟದ್ದಕ್ಕೂ, ಮೊದಲಿನ ಚಿತ್ರದ ದೋಷವನ್ನು ತಾನಾಗಿಯೇ ಗುರುತಿಸಿ ಹೇಳಿದ್ದಕ್ಕೂ ನನ್ನ ತಂಗಿಗೆ ಋಣಿ."

ಒಲೆಯ ಮೇಲೆ ಹಾಲಿತ್ತು. ನಾನು ಅದನ್ನೇ ನೋಡುತ್ತಾ, "ಇದನ್ನ ತೆಗೆಸಕ್ಕಾಗಲ್ವಾ?" ಎಂದೆ.

"ಅಚ್ಚಾಗಿ ಬಂದಿದೆ, ಇನ್ನೆಲ್ಲಿ ತೆಗೆಸೋದು? ಯಾಕೆ, ನಾಚಿಕೆನಾ?"

"ಹೂಂ."

ಅವಳು ನಕ್ಕು ನನ್ನ ಕೆನ್ನೆ ತಟ್ಟಿ, ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಗೆ ಓಡಿದಳು. ನಾನು ಆ ಪುಟವನ್ನು ಹಿಡಿದುಕೊಂಡು ಹಾಲು ಉಕ್ಕುವವರೆಗೆ ಅಲ್ಲೇ ನಿಂತಿದ್ದೆ.